ಒಬ್ಬರನ್ನು ಒಟ್ಟು ಮಾಡುವ ಅರ್ಜಿ

ಕಂಪ್ಯೂಟರ್ ಹೇಳುತ್ತದೆ: ಇವರು ಮೂವರು.
ಕೆ. ಇಂದುಮತಿ, ಮಣ್ಣು ಮತ್ತು ಅಂತರ್ಜಲ, ಮೂವತ್ತೊಂದು ಲೇಖನ.
ಇಂದುಮತಿ ರೈ, ಬಾವಲಿ, ಹತ್ತೊಂಬತ್ತು.
ರೈ ಐ. ಕೆ., ಸಂಖ್ಯಾಶಾಸ್ತ್ರ, ಆರೇ ಆರು,
ಅದರಲ್ಲಿ ಒಂದು ತನ್ನದೇ ತಪ್ಪಿನ ತಿದ್ದುಪಡಿ.

ಕಾಸರಗೋಡಿನ ಈ ಮುರಕಲ್ಲ ಗುಡ್ಡೆಯ ಮೇಲೆ
ಹದಿನೆಂಟು ವರ್ಷದಿಂದ ನಾನು ಗ್ರಂಥಾಲಯದ ಗುಮಾಸ್ತೆ.
ಮೇಡಮ್ಮಿನ ಚಾದ ಲೋಟ ಒಂದೇ ಎಂದು ನನಗೆ ಗೊತ್ತು,
ಅಂಚು ಒಡೆದದ್ದು, ನೀಲಿ.
ಆದರೆ ಅರ್ಜಿಯಲ್ಲಿ ಲೋಟಕ್ಕೆ ಜಾಗವಿಲ್ಲ.

ಹೆಸರಿನ ಕೊನೆಗೆ ಮಂಗಳೂರಿನವರು ‘ಐ’ ಹಾಕಿದರು,
ತಿರುವನಂತಪುರದ ಕಡತ ‘ವೈ’ ಹಾಕಿತು.
ಯಾವುದೋ ಸಮ್ಮೇಳನದ ಕೊರಳಚೀಟಿ
ಮನೆತನವನ್ನು ಹಿಂದಿನಿಂದ ಮುಂದಕ್ಕೆ ತಂದಿತು.
ನನಗೇನೂ ಆಶ್ಚರ್ಯವಾಗಲಿಲ್ಲ.
ಕನ್ನಡ ಶಾಲೆಯ ಹಾಜರಿಯಲ್ಲಿ ನಾನು ಜುಬೈದಾ,
ಪಡಿತರ ಚೀಟಿಯಲ್ಲಿ ಸುಬೈದ;
ಅಕ್ಕಿ ತರುವವಳೂ ಉಣ್ಣುವವಳೂ ಬೇರೆಯೆಂದು
ಅಂಗಡಿಯವ ಒಮ್ಮೆ ನಿಜಕ್ಕೂ ವಾದಿಸಿದ್ದ.

‘ಇವರೆಲ್ಲ ಒಬ್ಬರೇ ಎನ್ನಲು ಕಾರಣ
ಇನ್ನೂರು ಅಕ್ಷರದೊಳಗೆ.’

ಕಾರಣ ಕೇಳಿದರೆ ಮೇಡಂ ನಕ್ಕು ಹೇಳಿದ್ದು:
ಬಾಯಾರಿನಲ್ಲಿ ನೀರಿನ ದಾರಿ ಅಳೆಯಲು
ಒಂದು ಹಳೆಯ ಸುರಂಗಕ್ಕೆ ತೆವಳಿಕೊಂಡು ಹೋದೆ.
ಮಣ್ಣು ನೋಡಬೇಕಿತ್ತು, ತಲೆಗೆ ಬಾವಲಿ ಬಡಿಯಿತು.
ಎಷ್ಟಿವೆ ಎಂದು ಎಣಿಸಿದೆ. ಮರುದಿನ ಬೇರೆ ಲೆಕ್ಕ.
ಅದರ ಮರುದಿನ ಮತ್ತೊಂದು.
ಎಣಿಸಲು ಬರುವುದಿಲ್ಲ ಎಂದು ಗೊತ್ತಾದ ಮೇಲೆ
ಎಣಿಸುವುದನ್ನೇ ಕಲಿಯಲು ಕೂತೆ ಮಾರಾಯ್ತಿ,
ಹನ್ನೊಂದು ವರ್ಷ ಹೋಯಿತು.
ಮೂರು ಶಾಸ್ತ್ರ ಎಲ್ಲಿಯದು, ಒಂದೇ ತೂತು.

ಇನ್ನೂರು ಅಕ್ಷರ ದಾಟಿತು. ನಾನು ಬರೆದೆ:
‘ಸಂಸ್ಥೆಯ ವಿಳಾಸ ಒಂದೇ.’

ಅತಿ ಹೆಚ್ಚು ಜನ ಹೆಸರಿಸಿದ್ದು ಎರಡು ಪುಟದ ಟಿಪ್ಪಣಿಯನ್ನು.
ಇನ್ನೂರ ಏಳು ಕಡೆ ಉಂಟು,
ಅದರಲ್ಲಿ ಅರುವತ್ತು, ಅದು ತಪ್ಪೆಂದು ಹೇಳಲು.
ನಾನು ದನಿ ತಗ್ಗಿಸಿ ಓದಿದೆ.
‘ಬೈದವರನ್ನೂ ಸೇರಿಸು,’ ಎಂದರು,
‘ಬೈಯಬೇಕಾದರೆ ಓದಿರಬೇಕಲ್ಲ?’
ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯ ಕಡೆ ತಿರುಗಿ,
‘ಓದಿರಬೇಕೆಂದೇನೂ ಇಲ್ಲ.’

ಶುಕ್ರವಾರ ಮೂವರು ಒಬ್ಬರಾದರು.
ಹನ್ನೊಂದು, ಒಂಬತ್ತು, ನಾಲ್ಕು ಇದ್ದ ಸೂಚ್ಯಂಕ
ಇಪ್ಪತ್ನಾಲ್ಕು ಆದೀತೆಂದು ನಾನು ಬೆರಳು ಮಡಚಿದ್ದೆ.
ಹದಿನಾಲ್ಕು ಬಂತು.
ಕೂಡಿದರೆ ಕಡಿಮೆಯಾಗುವ ಈ ಲೆಕ್ಕವನ್ನು
ಪಾಲಾಗದ ಮನೆಯಲ್ಲಿ ಬೆಳೆದ ನನಗೆ
ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಉಳಿದದ್ದು ಒಂದು ಕಿರುಹೊತ್ತಗೆ, ಕನ್ನಡದ್ದು,
ಸುರಂಗ ತೋಡುವ ಕ್ರಮದ ಬಗ್ಗೆ.
ಭಾಷೆ: ಗೊತ್ತಿಲ್ಲ. ಉಲ್ಲೇಖ: ಸೊನ್ನೆ.
ರಕ್ಷಾಪುಟದ ಮೇಲೆ ಎಣ್ಣೆಯ ಹೆಬ್ಬೆಟ್ಟು ಮಾತ್ರ
ಬಹಳ ಮಂದಿಯದು.

‘ಅದಕ್ಕೆ ಮಾಂಕು ಮಣಿಯಾಣಿಯ ಹೆಸರೂ ಸೇರಿಸು.
ಅಂದು ಹಾಕಬೇಕಿತ್ತು, ಹಾಕಲಿಲ್ಲ.
ಕೊನೆಗೊಂದು ಸಾಲು ಕೃತಜ್ಞತೆ ಬರೆದು ಮುಗಿಸಿದೆ.
ಗೋಡೆಗೆ ಕಿವಿಯಿಟ್ಟು, ಇನ್ನು ಮೂರು ಕೋಲು ಎಂದವನು ಅವನು.
ನಾನು ಟೇಪು ಹಿಡಿದವಳು.’

ಸಹಲೇಖಕರ ಹೆಸರು: ತುಂಬಿದೆ.
ಮಿಂಚಂಚೆ: ನನ್ನದನ್ನೇ ಕೊಟ್ಟೆ.
ಸಂಸ್ಥೆ: ಕೆಂಪು ನಕ್ಷತ್ರ, ಬಿಡುವಂತಿಲ್ಲ.

‘ಬಾಯಾರು ಅಂತ ಬರಿ.’
‘ಅದು ಊರು ಮೇಡಂ, ಸಂಸ್ಥೆ ಕೇಳ್ತಾ ಉಂಟು.’
‘ಮೇ ತಿಂಗಳಲ್ಲೂ ಅಲ್ಲಿ ನೀರು ಬರ್ತದೆ.
ನಮ್ಮ ನಳ್ಳಿಯಲ್ಲಿ ಇವತ್ತು ಉಂಟಾ?’

ಇರಲಿಲ್ಲ. ಬೆಳಗಿನ ಲೋಟಗಳು ತೊಳೆಯದೆ ಕೂತಿದ್ದವು.
ಬರೆದೆ: ಬಾಯಾರು.
ಪರದೆ ಬಹಳ ಹೊತ್ತು ಸುತ್ತಿತು.